ಕಣ್ಣು ರಸ್ತೆಯ ಮೇಲೆ, ಮನಸ್ಸು ಕರೆಯ ಮೇಲೆ

ಬೆಳಗಿನ ಎಂಟರಿಂದ ಒಂಬತ್ತೂವರೆಯ ನಡುವೆ ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಸೀಮೆಯ ರಸ್ತೆಗಳ ಮೇಲೆ ಶಾಲಾಮಕ್ಕಳನ್ನು ಹೊತ್ತ ವಾಹನಗಳು ಒಂದರ ಹಿಂದೊಂದು ಸಾಗುತ್ತವೆ. ಕನ್ನಡ ಮಾಧ್ಯಮದ ಶಾಲೆ ಈ ಭಾಗದ ಎಲ್ಲ ಹಳ್ಳಿಗಳಲ್ಲಿಯೂ ಇಲ್ಲ. ಇದ್ದಲ್ಲಿಯೂ ಮೇಲಿನ ತರಗತಿಗೆ ಬಂದ ಮಗು ಮಂಡಲ ಕೇಂದ್ರಕ್ಕೋ, ಗಡಿಯಾಚೆಯ ಬೀದರ, ಚಿಂಚೋಳಿ, ಸೇಡಂ ಪಟ್ಟಣಗಳಿಗೋ ಹೋಗಬೇಕಾಗುತ್ತದೆ. ಹೀಗಾಗಿ ತಾಯ್ನುಡಿಯಲ್ಲಿ ಓದುವ ಮಗುವಿನ ದಿನದ ಒಂದು ಭಾಗ ರಸ್ತೆಯ ಮೇಲೆಯೇ ಕಳೆಯುತ್ತದೆ. ಅಷ್ಟು ಹೊತ್ತು ಆ ಮಗುವಿನ ಪ್ರಾಣವನ್ನು ಕಾಯುವುದು ಆರ್‌ಟಿಸಿ ಬಸ್ಸಿನ, ಶಾಲಾ ವ್ಯಾನಿನ ಅಥವಾ ಆಟೊದ ಚಾಲಕನ ಗಮನವೊಂದೇ. ಆ ಗಮನವನ್ನು ಸೆಳೆಯುವ ಸಾಧನಗಳು ವಾಹನದೊಳಗೇ ದಿನದಿಂದ ದಿನಕ್ಕೆ ಹೆಚ್ಚುತ್ತಿವೆ. ಹಾಗೆ ಸೆಳೆಯುವುದರಲ್ಲಿ ಮನೆಯವರ ಪಾಲೂ ಇದೆಯೆಂಬುದನ್ನು ಪಾಲಕರು ಅರಿತಿರಬೇಕು.

ಮೊದಲೇ ಭಾರವಾದ ಕೆಲಸ

ಈ ಸೀಮೆಯ ರಸ್ತೆಗಳು ಚಾಲಕನಿಂದ ಬಹಳವನ್ನು ಬೇಡುತ್ತವೆ. ಜಹೀರಾಬಾದಿನ ಮೂಲಕ ಹಾಯುವ 65ನೇ ರಾಷ್ಟ್ರೀಯ ಹೆದ್ದಾರಿ ಪುಣೆಯನ್ನೂ ಹೈದರಾಬಾದನ್ನೂ ಜೋಡಿಸುತ್ತದೆ. ಸರಕಿನ ಲಾರಿಗಳ ಓಡಾಟಕ್ಕೆ ಅಲ್ಲಿ ಹಗಲಿರುಳೆಂಬುದಿಲ್ಲ. ಕಬ್ಬು ಕಡಿಯುವ ಕಾಲದಲ್ಲಿ ತುಂಬಿದ ಟ್ರಾಲಿಗಳನ್ನೆಳೆಯುವ ಟ್ರ್ಯಾಕ್ಟರುಗಳು, ಎಷ್ಟೋ ವೇಳೆ ಹಿಂದೀಪವೂ ಇಲ್ಲದೆ, ಒಳದಾರಿಯಿಂದ ಮುಖ್ಯರಸ್ತೆಗೆ ಏರುತ್ತವೆ. ನಾರಾಯಣಖೇಡದವರು ಬಳಸುವ 161ನೇ ಹೆದ್ದಾರಿ ಸಂಗಾರೆಡ್ಡಿಯಿಂದ ನಾಂದೇಡದತ್ತ ವೇಗವಾಗಿ ಸಾಗುತ್ತದೆ. ಅದರಿಂದ ಇಳಿದೊಡನೆ ದನಕರು, ಸೈಕಲ್ಲು, ಒಕ್ಕಲು ಹರಡಿದ ರಾಶಿಗಳ ನಡುವಿನ ಹಳ್ಳಿಯ ದಾರಿ. ತಾಂಡೂರಿನಲ್ಲಿ ಫರಸಿ ಕಲ್ಲನ್ನೂ ಸಿಮೆಂಟನ್ನೂ ಹೊತ್ತ ಲಾರಿಗಳು ಬಸ್ಸು ಮತ್ತು ಆಟೊಗಳೊಡನೆ ಒಂದೇ ರಸ್ತೆಯನ್ನು ಹಂಚಿಕೊಳ್ಳುತ್ತವೆ.

2025ರ ನವೆಂಬರ್ 3ರ ಬೆಳಗ್ಗೆ ತಾಂಡೂರಿನಿಂದ ಹೈದರಾಬಾದಿಗೆ ಹೊರಟಿದ್ದ ಆರ್‌ಟಿಸಿ ಬಸ್ಸಿಗೂ ಜಲ್ಲಿ ತುಂಬಿದ ಟಿಪ್ಪರಿಗೂ ಚೇವೆಳ್ಳದ ಬಳಿ ಡಿಕ್ಕಿಯಾಗಿ ಸುಮಾರು ಇಪ್ಪತ್ತು ಜನ ಪ್ರಾಣ ಕಳೆದುಕೊಂಡುದನ್ನು ಈ ಭಾಗದ ಮನೆಗಳು ಮರೆತಿಲ್ಲ. ಆ ದುರಂತಕ್ಕೂ ಫೋನಿಗೂ ಸಂಬಂಧ ಕಲ್ಪಿಸಬೇಕಾದುದಿಲ್ಲ. ಆದರೆ ಎದುರುಬದುರು ವಾಹನಗಳು ಒಂದೇ ಕಿರಿದಾದ ರಸ್ತೆಯಲ್ಲಿ ಸಾಗುವಾಗ ತಪ್ಪನ್ನು ತಿದ್ದಿಕೊಳ್ಳಲು ಚಾಲಕನಿಗೆ ಸಿಗುವ ಕಾಲ ಎಷ್ಟು ಅಲ್ಪವೆಂಬುದನ್ನು ಅದು ತೋರಿಸಿಕೊಟ್ಟಿತು.

ಚಾಲನೆಯನ್ನು ಅಧ್ಯಯನ ಮಾಡಿದವರು ಚಾಲಕನ ಮನಸ್ಸಿನ ಮೇಲೆ ಬೀಳುವ ಕೆಲಸವನ್ನು ಒಂದು ಹೊರೆಯಂತೆ ಅಳೆಯುತ್ತಾರೆ. ಖಾಲಿ ರಸ್ತೆಯಲ್ಲಿ ಹೊರೆ ಹಗುರ. ಸಂತೆಯ ದಿನ ಊರೊಳಗೆ ಹಾಯುವಾಗ, ಮಳೆಯಲ್ಲಿ, ಇರುಳಿನಲ್ಲಿ ಅದು ಹೆಚ್ಚು. ಮನುಷ್ಯನ ಮನಸ್ಸು ಏಕಕಾಲಕ್ಕೆ ಹೊರಬಲ್ಲ ಹೊರೆಗೆ ಮಿತಿಯಿದೆ. ಆ ಮಿತಿಯ ಅಂಚಿನಲ್ಲಿರುವವನ ತಲೆಯ ಮೇಲೆ ಇನ್ನೊಂದು ಮೂಟೆಯನ್ನಿಟ್ಟರೆ ಯಾವುದೋ ಒಂದು ಜಾರಿ ಬೀಳಲೇಬೇಕು. ಜಾರಿ ಬೀಳುವುದು ರಸ್ತೆಯ ಮೇಲಿನ ಗಮನವೇ ಆದಾಗ ಅದನ್ನು ಅಪಘಾತವೆನ್ನುತ್ತೇವೆ.

ಮಾಸಾಯಿಪೇಟೆಯ ಪಾಠ

ಜಹೀರಾಬಾದ್ ಮತ್ತು ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೆ ಸೇರಿದ್ದು 2016ರ ಅಕ್ಟೋಬರಿನಲ್ಲಿ. ಅದಕ್ಕೂ ಮೊದಲು ಅವು ಮೆದಕ್ ಜಿಲ್ಲೆಯಲ್ಲಿದ್ದವು. ಅದೇ ಅವಿಭಜಿತ ಮೆದಕ್ ಜಿಲ್ಲೆಯ ಮಾಸಾಯಿಪೇಟೆಯಲ್ಲಿ 2014ರ ಜುಲೈ 24ರ ಬೆಳಗ್ಗೆ, ಕಾವಲಿಲ್ಲದ ರೈಲ್ವೆ ಗೇಟನ್ನು ದಾಟುತ್ತಿದ್ದ ಶಾಲಾ ಬಸ್ಸಿಗೆ ಪ್ಯಾಸೆಂಜರ್ ರೈಲು ಡಿಕ್ಕಿ ಹೊಡೆಯಿತು. ಹತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಡಿಕ್ಕಿಯ ಹೊತ್ತಿಗೆ ಚಾಲಕ ಫೋನಿನಲ್ಲಿ ಮಾತನಾಡುತ್ತಿದ್ದನೆಂಬ ಹೇಳಿಕೆಗಳು ಆಗಲೇ ವರದಿಯಾದವು. ಚಾಲಕನೂ ಬದುಕುಳಿಯಲಿಲ್ಲವಾದುದರಿಂದ ಅವನ ಹೇಳಿಕೆ ಯಾರಿಗೂ ದೊರೆಯಲಿಲ್ಲ.

ನಾಲ್ಕು ವರ್ಷಗಳ ತರುವಾಯ, 2018ರ ಏಪ್ರಿಲ್ 26ರಂದು, ಉತ್ತರಪ್ರದೇಶದ ಕುಶಿನಗರದಲ್ಲಿ ಅಂಥದೇ ಗೇಟಿನಲ್ಲಿ ಶಾಲಾ ವ್ಯಾನೊಂದು ರೈಲಿಗೆ ಸಿಕ್ಕಿ 13 ಮಕ್ಕಳು ಮಡಿದರು. ಅಲ್ಲಿನ ಚಾಲಕ ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದನೆಂದು ಅಧಿಕಾರಿಗಳು ಹೇಳಿದರು. ಬ್ರಾಡ್‌ಗೇಜ್ ಮಾರ್ಗಗಳಲ್ಲಿನ ಕಾವಲಿಲ್ಲದ ಗೇಟುಗಳನ್ನು ರೈಲ್ವೆ ಇಲಾಖೆ 2019ರ ಜನವರಿ ಅಂತ್ಯದೊಳಗೆ ಇಲ್ಲವಾಗಿಸಿತು. ಹಣ ಮತ್ತು ಕಾಂಕ್ರೀಟಿನಿಂದ ನೀಗುವ ತೊಂದರೆ ಹಾಗೆ ನೀಗಿತು. ಚಾಲಕನ ಕಿವಿಯಲ್ಲಿರುವ ಫೋನನ್ನು ತೆಗೆಸುವ ಕೆಲಸ ಉಳಿಯಿತು.

ಕೈ ಬಿಟ್ಟರೂ ಮನಸ್ಸು ಬಿಡದು

ಚಾಲಕನ ಗಮನ ಮೂರು ಬಗೆಯಲ್ಲಿ ಕದಲುತ್ತದೆ. ಕಣ್ಣು ರಸ್ತೆಯಿಂದ ಪರದೆಗೆ ಹೋಗುವುದು ಒಂದು. ಕೈ ಸ್ಟೀರಿಂಗನ್ನು ಬಿಟ್ಟು ಗುಂಡಿಯನ್ನೋ ಫೋನನ್ನೋ ಹಿಡಿಯುವುದು ಎರಡನೆಯದು. ಕಣ್ಣು ಕೈಗಳೆರಡೂ ತಮ್ಮ ಸ್ಥಾನದಲ್ಲಿದ್ದು ಮನಸ್ಸು ಮಾತ್ರ ಬೇರೆಡೆ ಹೋಗುವುದು ಮೂರನೆಯದು.

ಮೊದಲನೆಯದರ ಲೆಕ್ಕ ಸರಳ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಬಂದ ಸಂದೇಶ ಯಾರದೆಂದು ಎರಡು ಸೆಕೆಂಡು ನೋಡಿದರೆ 33 ಮೀಟರ್, ಅದನ್ನು ಓದಲು ಐದು ಸೆಕೆಂಡು ತೆಗೆದುಕೊಂಡರೆ 80 ಮೀಟರಿಗೂ ಹೆಚ್ಚು ದೂರವನ್ನು ಚಾಲಕ ಕಣ್ಣು ಮುಚ್ಚಿಕೊಂಡಂತೆಯೇ ದಾಟುತ್ತಾನೆ. ಹಳ್ಳಿಯ ಶಾಲೆಯೊಂದರ ಮುಂದಿನ ರಸ್ತೆ ಅಷ್ಟು ಉದ್ದವಿರುವುದಿಲ್ಲ. ಅಮೆರಿಕದಲ್ಲಿ ನೂರು ಕಾರುಗಳಿಗೆ ಕ್ಯಾಮೆರಾ ಅಳವಡಿಸಿ ನಡೆಸಿದ, 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಸ್ತೆಯಿಂದ ಎರಡು ಸೆಕೆಂಡಿಗೂ ಹೆಚ್ಚು ಕಾಲ ಕಣ್ಣು ತೆಗೆದರೆ ಅಪಘಾತದ ಸಂಭವ ಕನಿಷ್ಠ ಇಮ್ಮಡಿಯಾಗುವುದು ಕಂಡುಬಂದಿತು.

ಮೂರನೆಯದು ಹೆಚ್ಚು ಮೋಸಗೊಳಿಸುವಂಥದು. ಫೋನನ್ನು ಕೈಯಲ್ಲಿ ಹಿಡಿಯದೆ ಇಯರ್‌ಫೋನಿನಲ್ಲೋ ಬ್ಲೂಟೂತಿನಲ್ಲೋ ಮಾತನಾಡಿದರೆ ಅಪಾಯವಿಲ್ಲವೆಂಬ ನಂಬಿಕೆ ಊರೂರಿನಲ್ಲಿದೆ. ಕೆನಡಾದ ಟೊರಾಂಟೊ ನಗರದ ಚಾಲಕರನ್ನು ಕುರಿತು 1997ರಲ್ಲಿ ಪ್ರಕಟವಾದ ಸಂಶೋಧನೆ ಈ ನಂಬಿಕೆಯನ್ನು ಅಲ್ಲಗಳೆಯಿತು. ಫೋನಿನಲ್ಲಿ ಮಾತನಾಡುತ್ತಿರುವಾಗ ಅಪಘಾತದ ಅಪಾಯ ಸುಮಾರು ನಾಲ್ಕು ಪಟ್ಟು ಹೆಚ್ಚುವುದನ್ನು ತೋರಿಸಿದ ಅದು, ಕೈಯಲ್ಲಿ ಹಿಡಿಯದ ಫೋನು ಹೆಚ್ಚು ಸುರಕ್ಷಿತವೆಂಬುದಕ್ಕೆ ಆಧಾರ ಕಾಣಲಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಪ್ರಯೋಗಗಳು ಇದಕ್ಕೆ ಕಾರಣವನ್ನು ತಿಳಿಸಿದವು: ಮಾತಿನಲ್ಲಿ ಮುಳುಗಿದವನು ರಸ್ತೆಯತ್ತ ನೋಡುತ್ತಲೇ ಇರುತ್ತಾನೆ, ಆದರೆ ನೋಡಿದ್ದನ್ನು ಕಾಣುವುದಿಲ್ಲ. ಸಿಗ್ನಲ್ಲಿನ ಕೆಂಪು ದೀಪ ಅವನ ಕಣ್ಣಿಗೆ ಬಿದ್ದರೂ ಮನಸ್ಸಿಗೆ ತಡವಾಗಿ ಮುಟ್ಟುತ್ತದೆ.

ಹಾಗಾದರೆ ಪಕ್ಕದಲ್ಲಿ ಕುಳಿತವರೊಡನೆ ಮಾತನಾಡುವುದೂ ಅಷ್ಟೇ ಅಪಾಯಕರವಲ್ಲವೇ ಎಂದು ಕೇಳಬಹುದು. ಪಕ್ಕದಲ್ಲಿ ಕುಳಿತವನು ರಸ್ತೆಯನ್ನು ತಾನೂ ಕಾಣುತ್ತಾನೆ. ಎದುರಿಗೆ ಲಾರಿ ಬಂದರೆ ಮಾತು ನಿಲ್ಲಿಸುತ್ತಾನೆ, ಇಲ್ಲವೆ ಎಚ್ಚರಿಸುತ್ತಾನೆ. ಮನೆಯಲ್ಲಿ ಕುಳಿತು ಫೋನು ಮಾಡಿದವರಿಗೆ ಆ ಲಾರಿ ಕಾಣುವುದಿಲ್ಲ. ಅವರು ಮಾತು ಮುಂದುವರಿಸುತ್ತಾರೆ, ಉತ್ತರವನ್ನು ಬೇಡುತ್ತಾರೆ.

ಕರೆ ಮುಗಿದ ಕೂಡಲೇ ಮನಸ್ಸು ರಸ್ತೆಗೆ ಮರಳುತ್ತದೆಯೆಂದೂ ಹೇಳುವಂತಿಲ್ಲ. ಮಾತಿನ ಮೂಲಕ ಆಜ್ಞೆ ಕೊಡುವ ವಾಹನ ವ್ಯವಸ್ಥೆಗಳನ್ನು ಅದೇ ಯೂಟಾ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ, ಕೆಲವು ವ್ಯವಸ್ಥೆಗಳಲ್ಲಿ ಕೆಲಸ ಮುಗಿದ ಮೇಲೂ 27 ಸೆಕೆಂಡುಗಳವರೆಗೆ ಗಮನ ಪೂರ್ತಿ ಮರಳದಿರುವುದು 2015ರಲ್ಲಿ ಕಂಡುಬಂದಿತು. ಗಂಟೆಗೆ 40 ಕಿಲೋಮೀಟರಿನ ನಿಧಾನಗತಿಯಲ್ಲಿಯೂ ಅಷ್ಟರೊಳಗೆ ವಾಹನ 300 ಮೀಟರ್ ಸಾಗಿರುತ್ತದೆ.

ಗುಂಡಿ ಹೋಗಿ ಪರದೆ ಬಂದಾಗ

ಫೋನೊಂದನ್ನೇ ದೂರಿ ಪ್ರಯೋಜನವಿಲ್ಲ. ಈಚಿನ ಕಾರು ಮತ್ತು ವ್ಯಾನುಗಳಲ್ಲಿ ಹಾಡು, ನಕ್ಷೆ, ಗಾಳಿಯ ತಂಪು ಎಲ್ಲವೂ ಒಂದೇ ಟಚ್‌ಸ್ಕ್ರೀನಿನೊಳಗೆ ಸೇರಿವೆ. ಹಿಂದಿನ ಗಾಡಿಯಲ್ಲಿ ಚಾಲಕ ನೋಡದೆಯೇ ಬೆರಳಿನಿಂದ ತಡವಿ ಗುಂಡಿಯನ್ನು ತಿರುಗಿಸುತ್ತಿದ್ದ. ನುಣುಪಾದ ಗಾಜಿನ ಮೇಲೆ ತಡವಿ ತಿಳಿಯುವಂಥದು ಏನೂ ಇಲ್ಲ, ಕಣ್ಣಿಟ್ಟೇ ಒತ್ತಬೇಕು.

ಸ್ವೀಡನ್ನಿನ ಮೋಟಾರು ಪತ್ರಿಕೆಯೊಂದು 2022ರಲ್ಲಿ ಇದನ್ನು ಅಳೆದು ನೋಡಿತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಕೆಲವು ಸಾಮಾನ್ಯ ಕೆಲಸಗಳನ್ನು ಮಾಡಲು, ಗುಂಡಿಗಳಿದ್ದ 2005ರ ಹಳೆಯ ವೋಲ್ವೊ ಕಾರಿನಲ್ಲಿ 10 ಸೆಕೆಂಡು ಸಾಕಾಯಿತು. ಅಷ್ಟರಲ್ಲಿ ಕಾರು 306 ಮೀಟರ್ ಸಾಗಿತ್ತು. ಪರದೆಯ ಹೊಸ ಕಾರುಗಳ ಪೈಕಿ ಎಲ್ಲಕ್ಕಿಂತ ಹಿಂದುಳಿದುದರಲ್ಲಿ ಅವೇ ಕೆಲಸಗಳಿಗೆ ಸುಮಾರು 45 ಸೆಕೆಂಡು ಬೇಕಾಯಿತು. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ನಕ್ಷತ್ರಗಳನ್ನು ಕೊಡುವ ಯುರೊ ಎನ್‌ಕ್ಯಾಪ್ ಸಂಸ್ಥೆ, 2026ರಿಂದ ಪೂರ್ಣ ಅಂಕ ಬೇಕಾದರೆ ತಿರುವಿನ ದೀಪ, ಅಪಾಯ ಸೂಚಕ ದೀಪ, ವೈಪರ್, ಹಾರ್ನ್ ಮತ್ತು ತುರ್ತು ಕರೆಗಳಿಗೆ ಪ್ರತ್ಯೇಕ ಗುಂಡಿಗಳೇ ಇರಬೇಕೆಂದು ಗೊತ್ತುಪಡಿಸಿತು. ಮುಂದುವರಿದ ದೇಶಗಳೇ ಗುಂಡಿಯತ್ತ ಮರಳುತ್ತಿರುವಾಗ ದೊಡ್ಡ ಪರದೆಯನ್ನು ಹೆಮ್ಮೆಯ ಗುರುತೆಂದು ಎಣಿಸುವ ಅಗತ್ಯವಿಲ್ಲ.

ನಮ್ಮ ಭಾಗದಲ್ಲಿ ಪರದೆಗಳು ಬೇರೆ ರೂಪದಲ್ಲಿ ಬಂದಿವೆ. ಬಾಡಿಗೆ ಕಾರಿನಲ್ಲಿ ದಾರಿ ತೋರಿಸುವ ಫೋನು ಒಂದು, ಮಾತನಾಡುವ ಫೋನು ಇನ್ನೊಂದು. ಆಟೊದಲ್ಲಿ ಹಣ ಬಂದುದನ್ನು ಸಾರುವ ಫೋನು. ಟ್ರ್ಯಾಕ್ಟರಿನಲ್ಲಿ ಎಂಜಿನ್ನಿನ ಸದ್ದನ್ನೂ ಮೀರಿಸುವ ಸ್ಪೀಕರ್. ಅದರ ಮೇಲೆ ಭಾಷೆಯ ಹೊರೆಯೂ ಇದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ದಖನಿ, ಫಲಕದಲ್ಲಿ ತೆಲುಗು ಕಾಣುವ ಗಡಿಭಾಗದ ಚಾಲಕನಿಗೆ ಫೋನು ಇಂಗ್ಲಿಷಿನಲ್ಲಿ ದಾರಿ ಹೇಳಿ, ಊರಿನ ಹೆಸರನ್ನು ಗುರುತು ಸಿಗದಂತೆ ಉಚ್ಚರಿಸಿದರೆ, ಅವನು ಪರದೆಯತ್ತ ಬಗ್ಗಿ ನೋಡುವುದು ಸಹಜವೇ.

ಕಾನೂನು ಹಿಡಿಯುವುದೆಷ್ಟು?

ಮೋಟಾರು ವಾಹನಗಳ ಕಾಯಿದೆ, 1988ರ 184ನೇ ಕಲಮು ಅಪಾಯಕರ ಚಾಲನೆಯನ್ನು ಕುರಿತದ್ದು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಚಾಲನೆಯ ವೇಳೆ ಕೈಯಲ್ಲಿ ಹಿಡಿದು ಬಳಸುವ ಸಂಪರ್ಕ ಸಾಧನವೂ ಅದರ ವ್ಯಾಪ್ತಿಗೆ ಸೇರಿತು. ಮೊದಲ ಅಪರಾಧಕ್ಕೆ ಆರು ತಿಂಗಳಿನಿಂದ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಮೂರು ವರ್ಷಗಳೊಳಗೆ ಮತ್ತೆ ಮಾಡಿದರೆ ಎರಡು ವರ್ಷಗಳವರೆಗೆ ಸೆರೆವಾಸ, ಇಲ್ಲವೆ 10,000 ರೂಪಾಯಿ ದಂಡ, ಅಥವಾ ಎರಡೂ. 2020ರ ಅಕ್ಟೋಬರ್ 1ರಿಂದ ಜಾರಿಯಾದ ನಿಯಮವು, ಅಂಥ ಸಾಧನವನ್ನು ದಾರಿ ತಿಳಿಯುವುದಕ್ಕೆ ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದಂತೆ ಬಳಸಬಹುದೆಂದು ಹೇಳುತ್ತದೆ.

ಈ ಮಾತುಗಳನ್ನು ಎಚ್ಚರದಿಂದ ಓದಿದರೆ ಕಾನೂನು ಮುಖ್ಯವಾಗಿ ಕೈಯನ್ನು ಹಿಡಿಯುತ್ತದೆಯೆಂಬುದು ತಿಳಿಯುತ್ತದೆ. ಮನಸ್ಸನ್ನು ಹಿಡಿಯುವುದು ಕಷ್ಟ. ಬ್ಲೂಟೂತಿನಲ್ಲಿ ಮಾತನಾಡುತ್ತಾ ಸಾಗುವವನು ಪೊಲೀಸರ ಕಣ್ಣಿಗೆ ಬೀಳುವುದಿಲ್ಲ. ಅಪಘಾತವಾದ ಮೇಲೆ ದಾಖಲಾಗುವ ಪ್ರಥಮ ವರ್ತಮಾನ ವರದಿಯಲ್ಲಿ ‘ಅತಿವೇಗ ಮತ್ತು ನಿರ್ಲಕ್ಷ್ಯ’ ಎಂಬ ವಾಡಿಕೆಯ ಮಾತಿರುತ್ತದೆ. ನಿರ್ಲಕ್ಷ್ಯ ಏಕೆ ಉಂಟಾಯಿತೆಂಬುದು ಅನೇಕ ವೇಳೆ ತಿಳಿಯದೆ ಹೋಗುತ್ತದೆ. 2021ರಲ್ಲಿ ದೇಶದ ರಸ್ತೆಗಳಲ್ಲಿ 1,53,972 ಜನ ಸತ್ತರೆಂದೂ, ಅದರಲ್ಲಿ ಮೊಬೈಲ್ ಬಳಕೆಯಿಂದಾದ ಅಪಘಾತಗಳಲ್ಲಿ ಸತ್ತವರು 1,040 ಎಂದೂ ಕೇಂದ್ರ ಸರಕಾರದ ವರದಿ ತಿಳಿಸಿತು. ನೂರಕ್ಕೆ ಒಂದೂ ಆಗದ ಈ ಸಂಖ್ಯೆ ಸಮಾಧಾನ ತರುವಂಥದಲ್ಲ. ತಾನು ಫೋನಿನಲ್ಲಿದ್ದೆನೆಂದು ಒಪ್ಪುವ ಚಾಲಕ ವಿರಳ; ಸತ್ತ ಚಾಲಕನನ್ನು ಕೇಳುವಂತಿಲ್ಲ.

ಆದರೂ ಕರೆಯ ದಾಖಲೆ ಉಳಿಯುತ್ತದೆ. ತನಿಖೆಯಲ್ಲಿಯೂ ನ್ಯಾಯಾಲಯದಲ್ಲಿಯೂ ಆ ದಾಖಲೆಯನ್ನು ತರಿಸಿ ಅಪಘಾತದ ನಿಮಿಷದೊಡನೆ ಹೋಲಿಸಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದಿಂದ ಉಂಟಾದ ಸಾವಿಗೆ ಐದು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇದು ಎರಡು ವರ್ಷಗಳವರೆಗೆ ಇತ್ತು.

ಪಾಲಕರು ಅಷ್ಟಾಗಿ ಅರಿಯದ ಇನ್ನೊಂದು ಕಲಮಿದೆ. ಮೋಟಾರು ವಾಹನಗಳ ಕಾಯಿದೆಯ 188ನೇ ಕಲಮಿನ ಪ್ರಕಾರ 184ರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. ಓಡಿಸುವಾಗಲೂ ಫೋನು ಎತ್ತಲೇಬೇಕೆಂದು ಚಾಲಕನನ್ನು ಒತ್ತಾಯಿಸುವ ವಾಹನದ ಮಾಲೀಕ ಇದನ್ನು ನೆನಪಿನಲ್ಲಿಡಬೇಕು. ತಿಳಿಯದೆ ಒಂದು ಕರೆ ಮಾಡಿದ ತಾಯಿಯೋ ತಂದೆಯೋ ಕಾನೂನಿನ ದೃಷ್ಟಿಯಲ್ಲಿ ಅಪರಾಧಿಯಾಗುವುದಿಲ್ಲ. ಆದರೆ ಚಾಲಕ ಈಗ ಓಡಿಸುತ್ತಿರುತ್ತಾನೆಂದು ತಿಳಿದೂ ಕರೆ ಮಾಡುವವರಿಗೆ, ಶಿಕ್ಷೆಯಿರಲಿ ಇಲ್ಲದಿರಲಿ, ಜವಾಬ್ದಾರಿ ತಪ್ಪುವುದಿಲ್ಲ.

ಚಾಲಕನ ಪಕ್ಷ

ತೆಲಂಗಾಣ ರಾಜ್ಯ ರಸ್ತೆ ಸಾರಿಗೆ ಸಂಸ್ಥೆ 2025ರ ಸೆಪ್ಟೆಂಬರ್ 1ರಿಂದ 11 ಡಿಪೊಗಳಲ್ಲಿ ಪ್ರಾಯೋಗಿಕವಾಗಿ ಹೊಸ ಕ್ರಮವೊಂದನ್ನು ಆರಂಭಿಸಿತು. ಕೆಲಸಕ್ಕೆ ಹೊರಡುವ ಮೊದಲು ಚಾಲಕ ತನ್ನ ಫೋನನ್ನು ಡಿಪೊದಲ್ಲಿ ಒಪ್ಪಿಸಬೇಕು. ಈ ಹನ್ನೊಂದರಲ್ಲಿ ಸಂಗಾರೆಡ್ಡಿ ಮತ್ತು ವಿಕಾರಾಬಾದ್ ಡಿಪೊಗಳೂ ಸೇರಿದ್ದವು. ಅಂದರೆ ನಮ್ಮ ಮೂರೂ ಊರುಗಳ ಜಿಲ್ಲಾ ಕೇಂದ್ರಗಳು. ಬಸ್ಸಿನಲ್ಲಿ ನಿರ್ವಾಹಕನಿರುತ್ತಾನೆ, ಹಿಂದೆ ಡಿಪೊ ಇರುತ್ತದೆ. ಆದುದರಿಂದ ಚಾಲಕನ ಮನೆಯಲ್ಲಿ ತುರ್ತು ಒದಗಿದರೆ ಸುದ್ದಿ ಮುಟ್ಟಿಸಲು ಬೇರೆ ದಾರಿಯಿದೆ.

ಆಟೊ ಓಡಿಸುವವನಿಗೆ ಡಿಪೊ ಇಲ್ಲ. ಫೋನೇ ಅವನ ಬಾಡಿಗೆ, ಫೋನೇ ಅವನ ಗಲ್ಲಾಪೆಟ್ಟಿಗೆ. ಬೆಳಗ್ಗೆ ಹದಿನೈದು ಮಕ್ಕಳನ್ನು ಮನೆಮನೆಯಿಂದ ಹತ್ತಿಸಿಕೊಳ್ಳುವವನಿಗೆ ಹದಿನೈದು ಮನೆಗಳಿಂದ ಕರೆ ಬರಬಹುದು. ‘ಎಲ್ಲಿದ್ದೀಯಪ್ಪಾ?’, ‘ಇವತ್ತು ನಮ್ಮ ಹುಡುಗ ಬರೂದಿಲ್ಲ’, ‘ಡಬ್ಬಿ ಮರೆತಾನ, ಹೊಳ್ಳಿ ಬಾ’ ಎಂಬ ಮಾತುಗಳು ಕೇಳಲು ಸಣ್ಣವೇ. ಪ್ರತಿಯೊಂದಕ್ಕೂ ಅವನು ಒಂದು ಕೈ ತೆಗೆಯಬೇಕು, ಒಂದು ಉತ್ತರ ಯೋಚಿಸಬೇಕು. ಎತ್ತದಿದ್ದರೆ ‘ಫೋನೇ ಎತ್ತೂದಿಲ್ಲ’ ಎಂಬ ದೂರು. ಮುಂದಿನ ತಿಂಗಳು ಮಗು ಬೇರೆ ಆಟೊದಲ್ಲಿ. ಲಾರಿಯವನಿಗೆ ಟ್ರಾನ್ಸ್‌ಪೋರ್ಟ್ ಕಚೇರಿಯ ಕರೆ, ಬಾಡಿಗೆ ಕಾರಿನವನಿಗೆ ಮಾಲೀಕನ ಕರೆ.

ದಣಿವೂ ಇದಕ್ಕೆ ಸೇರುತ್ತದೆ. ಮೋಟಾರು ಸಾರಿಗೆ ಕೆಲಸಗಾರರಿಗೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ದುಡಿಮೆ, ಐದು ಗಂಟೆಗಳ ಕೆಲಸಕ್ಕೆ ಮೊದಲು ಕನಿಷ್ಠ ಅರ್ಧ ಗಂಟೆ ಬಿಡುವು ಎಂಬ ಮಿತಿಯನ್ನು 1961ರ ಕಾಯಿದೆಯೇ ಗೊತ್ತುಪಡಿಸಿತು. ಇರುಳೆಲ್ಲ ಮದುವೆಯ ಬಾಡಿಗೆ ಓಡಿಸಿ ಬೆಳಗ್ಗೆ ಮಕ್ಕಳನ್ನು ಹತ್ತಿಸಿಕೊಳ್ಳುವ ಚಾಲಕನಿಗೆ ಅಂಥ ಲೆಕ್ಕ ಇಡುವವರಿಲ್ಲ. ದಣಿದ ಮನಸ್ಸಿನ ಶಕ್ತಿ ಇನ್ನೂ ಕಡಿಮೆ. ಅದಕ್ಕೆ ಒಂದು ಕರೆಯೂ ಹೆಚ್ಚಾಗುತ್ತದೆ.

ಮನೆಯಿಂದ ಆಗಬೇಕಾದುದು

ಪಾಲಕರು ಕೈಗೊಳ್ಳಬಹುದಾದ ಕ್ರಮಗಳಿಗೆ ಹಣ ಬೇಕಾಗಿಲ್ಲ. ಮಗುವನ್ನು ಕರೆದೊಯ್ಯುವ ವಾಹನ ರಸ್ತೆಯ ಮೇಲಿರುವ ವೇಳೆ ಯಾವುದೆಂದು ಪ್ರತಿ ಮನೆಗೂ ಗೊತ್ತಿರುತ್ತದೆ. ಆ ಹೊತ್ತಿನಲ್ಲಿ ಚಾಲಕನಿಗೆ ಕರೆ ಮಾಡದಿರುವುದು ಮೊದಲ ಕ್ರಮ. ವ್ಯಾನಿನಲ್ಲಿ ಸಹಾಯಕಿಯಿದ್ದರೆ ಫೋನು ಅವರ ಬಳಿ ಇರಲಿ. ಇಲ್ಲವಾದರೆ ಶಾಲೆಯ ಮಾಸ್ತರೊಬ್ಬರ ಸಂಖ್ಯೆಗೆ ಸುದ್ದಿ ತಿಳಿಸುವ ಏರ್ಪಾಡಿರಲಿ. ಮಗು ಶಾಲೆಗೆ ಬಾರದ ದಿನವನ್ನು ಹಿಂದಿನ ಸಂಜೆಯೇ ಹೇಳಬೇಕು. ವಾಹನ ಹತ್ತು ನಿಮಿಷ ತಡವಾದರೆ ಕಾಯಬೇಕು. ತಡವಾಯಿತೆಂದು ಚಾಲಕನನ್ನು ಗದರಿಸುವವರು ಅವನಿಗೆ ವೇಗವನ್ನೂ ಗಾಬರಿಯನ್ನೂ ಕಲಿಸುತ್ತಾರೆ.

ಚಾಲಕರಿಗೂ ಕೆಲವು ಮಾತುಗಳಿವೆ. ದಾರಿಯನ್ನು ನಕ್ಷೆಯಲ್ಲಿ ನೋಡಬೇಕಾದರೆ ಹೊರಡುವ ಮೊದಲೇ ನೋಡಿಕೊಳ್ಳಬೇಕು. ಫೋನಿನ ಧ್ವನಿಯನ್ನು ತಮಗೆ ಚೆನ್ನಾಗಿ ತಿಳಿಯುವ ಭಾಷೆಗೆ ಬದಲಿಸಿಕೊಳ್ಳಬೇಕು. ಕರೆ ಬಂದರೆ ರಸ್ತೆಯ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ ಮಾತನಾಡಬೇಕು. ಇಯರ್‌ಫೋನ್ ಹಾಕಿಕೊಂಡರೆ ಹಿಂದಿನ ವಾಹನದ ಹಾರ್ನ್ ಕೇಳಿಸದು, ಮಗುವಿನ ಕೂಗೂ ಕೇಳಿಸದು.

ಮಕ್ಕಳಿಗೂ ಇದನ್ನು ತಿಳಿಸಬೇಕು. ಓಡುತ್ತಿರುವ ಗಾಡಿಯಲ್ಲಿ ಚಾಲಕ ಫೋನು ಬಳಸಿದುದನ್ನು ಕಂಡರೆ ಅಲ್ಲಿಯೇ ಗಲಾಟೆ ಮಾಡದೆ ಮನೆಗೆ ಬಂದು ಹೇಳುವಂತೆ ಕಲಿಸಬೇಕು. ಬಸ್ಸಿನಲ್ಲಾದರೆ ನಿರ್ವಾಹಕನಿಗೆ ಹೇಳಬಹುದು. ಅಪಾಯ ಒದಗಿದರೆ ಕರೆಯಬೇಕಾದ 112, ಹೆದ್ದಾರಿಯ ನೆರವಿಗೆ ಇರುವ 1033 ಎಂಬ ಸಂಖ್ಯೆಗಳು ದೊಡ್ಡ ಮಕ್ಕಳಿಗೆ ಬಾಯಿಪಾಠವಾಗಿರಲಿ.

ಒಂದೊಂದು ಮನೆ ಬೇರೆ ಬೇರೆಯಾಗಿ ಮಾಡುವುದಕ್ಕಿಂತ ಶಾಲೆಯ ಮಟ್ಟದಲ್ಲಿ ಗೊತ್ತುಪಡಿಸಿದರೆ ಕ್ರಮ ನಿಲ್ಲುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೇ ಕಲಮಿನಂತೆ ಸರಕಾರಿ ಮತ್ತು ಅನುದಾನಿತ ಶಾಲೆಗಳ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಸಮಿತಿಯ ಅರ್ಧದಷ್ಟು ಮಹಿಳೆಯರಿರಬೇಕು. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಹೆಚ್ಚಿಲ್ಲದುದರಿಂದ ಎಲ್ಲ ಪಾಲಕರನ್ನೂ ವಾಹನದವರನ್ನೂ ಒಂದೇ ಕೋಣೆಯಲ್ಲಿ ಕೂಡಿಸುವುದು ಕಷ್ಟವಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲಿನ ಮೊದಲ ಸಭೆಯಲ್ಲಿ ಈ ಮೂರು ಸಾಲಿನ ಠರಾವನ್ನು ಬರೆದು, ಓದಿ, ಸಹಿ ಪಡೆದು ಶಾಲೆಯ ಗೋಡೆಗೆ ಅಂಟಿಸಬಹುದು:

ಬೆಳಗ್ಗೆ ಮತ್ತು ಸಂಜೆ ಮಕ್ಕಳು ವಾಹನದಲ್ಲಿರುವ ವೇಳೆಯಲ್ಲಿ ಯಾವ ಪಾಲಕರೂ ಚಾಲಕರಿಗೆ ಕರೆ ಮಾಡತಕ್ಕದ್ದಲ್ಲ. ಸುದ್ದಿಯಿದ್ದರೆ ಶಾಲೆಯ ಸಂಖ್ಯೆಗೆ ತಿಳಿಸತಕ್ಕದ್ದು. ಆ ವೇಳೆಯಲ್ಲಿ ಚಾಲಕರು ಫೋನು ಎತ್ತದಿದ್ದುದಕ್ಕೆ ಯಾರೂ ಅವರನ್ನು ದೂರತಕ್ಕದ್ದಲ್ಲ.